ಟೈಗೆ ಇಸ್ತ್ರಿ ಯಾಕೆ ಒತ್ತಬಾರದು? (ಬಟ್ಟೆ ಚರಿತ್ರೆ, ಕಂತು 6)

ಮೊದಲ ಫೋಟೋದಲ್ಲಿರೋದು ಅಪ್ಪನ ಟೈ. ರೇಷ್ಮೆ, ಕಡು ನೀಲಿ. ಅವರ ಮದುವೆ ರಿಸೆಪ್ಷನ್ ಆಲ್ಬಮ್‌ನಲ್ಲೂ ಇದೇ ಟೈ ಇದೆ. ಪ್ಲೇಸ್‌ಮೆಂಟ್ ಇಂಟರ್‌ವ್ಯೂಗೆ ಅಂತ ಇಸ್ಕೊಂಡು ಬಂದೆ. ಬೀರುವಿನಲ್ಲಿ ಮಡಚಿಟ್ಟಿದ್ದರಿಂದ ನಡುವೆ ಗೆರೆ ಎಳೆದ ಹಾಗೆ ಸುಕ್ಕು. ಶರ್ಟಿಗೆ ಮಾಡುವ ಹಾಗೇ ಇಸ್ತ್ರಿ ಚೆನ್ನಾಗಿ ಬಿಸಿ ಮಾಡಿ ಒತ್ತಿಬಿಟ್ಟೆ. ಸುಕ್ಕೇನೋ ಹೋಯ್ತು. ಆದ್ರೆ ದುಂಡಗೆ ಉಬ್ಬಿದ್ದ ಅಂಚು ಹಪ್ಪಳದ ಹಾಗೆ ಚಪ್ಪಟೆಯಾಯ್ತು, ಹಿಂದಿನ ಹೊಲಿಗೆಯ ಅಚ್ಚು ಮುಂದಕ್ಕೆ ಮೂಡ್ತು, ಒಂದು ಕಡೆ ಜಿಡ್ಡು ಮೆತ್ತಿದಂಥ ಹೊಳಪು. ಅಪ್ಪ ನೋಡಿದ್ರು, ಏನೂ ಅನ್ನಲಿಲ್ಲ. ಬೈದಿದ್ರೇ ವಾಸಿ ಇತ್ತು.

ಶರ್ಟಿಗೆ ಒಗ್ಗೋದು ಟೈಗೆ ಯಾಕೆ ಒಗ್ಗಲ್ಲ ಅಂತ ಹುಡುಕುತ್ತಾ ಹೋದೆ. ಯುರೋಪಿನ ಒಂದು ಯುದ್ಧದ ಹತ್ತಿರ ಹೋಗಿ ನಿಂತೆ.

1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಫ್ರಾನ್ಸ್ ಪರವಾಗಿ ಕಾದಿದ ಕ್ರೊಯೇಷಿಯಾದ ಬಾಡಿಗೆ ಸೈನಿಕರು ಕುತ್ತಿಗೆಗೆ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಪ್ಯಾರಿಸ್ ಜನಕ್ಕೆ ಅದು ಹಿಡಿಸಿತು. ಕ್ರೊಯೇಷಿಯನ್ನರ ಹೆಸರಿನಿಂದಲೇ ಅದಕ್ಕೆ ‘ಕ್ರವಾಟ್’ ಅನ್ನೋ ಹೆಸರು ಬಂತು. 14ನೇ ಲೂಯಿಯ ಆಸ್ಥಾನದಲ್ಲಿ ಅದು ಲೇಸ್ ಅಂಟಿಸಿಕೊಂಡು ಶ್ರೀಮಂತವಾಯ್ತು.

ಇಲ್ಲೊಂದು ತಮಾಷೆ ಇದೆ. 1692ರಲ್ಲಿ, ಈಗಿನ ಬೆಲ್ಜಿಯಂನ ಸ್ಟೀನ್‌ಕೆರ್ಕ್ ಎಂಬಲ್ಲಿ ಫ್ರೆಂಚ್ ಸೇನೆಯ ಮೇಲೆ ಹಠಾತ್ ದಾಳಿ ಆಯ್ತು. ಅಧಿಕಾರಿಗಳಿಗೆ ಕ್ರವಾಟ್ ನೀಟಾಗಿ ಕಟ್ಟಿಕೊಳ್ಳೋಕೂ ಪುರಸೊತ್ತಿಲ್ಲ. ತಿರುಚಿ, ತುದಿಯನ್ನು ಕೋಟಿನ ಗುಂಡಿತೂತಿಗೆ ತುರುಕಿ ಓಡಿದರಂತೆ. ಗೆದ್ದು ಬಂದ ಮೇಲೆ ಆ ಮುದುಡಿದ ಕ್ರವಾಟೇ ಫ್ಯಾಷನ್! ಅದಕ್ಕೆ ಹೆಸರೂ ‘ಸ್ಟೀನ್‌ಕರ್ಕ್’. ನಾನು ಆ ಕಾಲದಲ್ಲಿ ಹುಟ್ಟಬೇಕಿತ್ತು.

ನೂರು ವರ್ಷ ಕಳೆಯುವಷ್ಟರಲ್ಲಿ ಲಂಡನ್‌ನಲ್ಲಿ ಬೋ ಬ್ರಮ್ಮೆಲ್ (1778–1840) ಅನ್ನೋ ಶೋಕಿಲಾಲ ಎಲ್ಲವನ್ನೂ ಉಲ್ಟಾ ಮಾಡಿದ. ಅವನ ಕ್ರವಾಟ್ ಬಿಳಿ ಬಟ್ಟೆಯದ್ದು, ಗಂಜಿ ಹಾಕಿದ್ದು. ಗದ್ದ ಇಳಿಸಿ ಇಳಿಸಿ ಮಡಿಕೆ ಕೂರಿಸುತ್ತಿದ್ದ. ಸರಿ ಬರದಿದ್ದರೆ ಬಿಸಾಕಿ ಹೊಸದು. ಅವನ ಸೇವಕ ಒಂದು ತೋಳಿನ ತುಂಬ ಮುದುಡಿದ ಕ್ರವಾಟ್ ಹೊತ್ತು ಕೆಳಗಿಳಿಯುತ್ತಿದ್ದ, ಅವೆಲ್ಲ ಆವತ್ತಿನ ಸೋಲುಗಳು ಅಂತ ಕಥೆ. ಉಪ್ಪುಖಾರ ಹಚ್ಚಿದ್ದಾರೋ ಏನೋ. ಆದ್ರೆ ಇಲ್ಲಿ ಒಂದು ವಿಷಯ ಗಮನಿಸಿ: ಆ ಬಟ್ಟೆಯನ್ನು ಒಗೆಯಬಹುದು, ಗಂಜಿ ಹಾಕಬಹುದು, ಕಾದ ಇಸ್ತ್ರಿಯಿಂದ ಒತ್ತಬಹುದು. ಒಂದೇ ಪದರ, ಒಳಗೇನೂ ಇಲ್ಲ.

ಈಗಿನ ಟೈ ಬೇರೆಯೇ ಪ್ರಾಣಿ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಬಟ್ಟೆಯನ್ನು ನೇರವಾಗಿ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸಿ, ಮೂರು ತುಂಡು ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಒಂದು ಕರ್ಚೀಫನ್ನು ಎದುರುಬದುರು ಮೂಲೆ ಹಿಡಿದು ಎಳೆದು ನೋಡಿ, ಜಗ್ಗುತ್ತೆ. ಅಂಚಿನುದ್ದಕ್ಕೆ ಎಳೆದರೆ ಅಷ್ಟು ಜಗ್ಗಲ್ಲ. ಆ ಓರೆ ಜಗ್ಗಿನಿಂದಲೇ ಟೈ ಗಂಟು ಬಿಚ್ಚಿದ ಮೇಲೆ ತಿರುಚಿಕೊಳ್ಳದೆ ವಾಪಸ್ ತನ್ನ ಆಕಾರಕ್ಕೆ ಬರೋದು. ಒಳ್ಳೆ ಟೈ ಒಳಗೆ ಸಾಮಾನ್ಯವಾಗಿ ಉಣ್ಣೆಯ ಪಟ್ಟಿ ಇರುತ್ತೆ. ಹಿಂದೆ ಉದ್ದಕ್ಕೂ ಒಂದೇ ಸಡಿಲ ದಾರದ ಹೊಲಿಗೆ. ತುದಿಯಲ್ಲಿ ದಾರದ ಕುಣಿಕೆ ಕಂಡ್ರೆ ದಯವಿಟ್ಟು ಕತ್ತರಿಸಬೇಡಿ, ಟೈ ಜಗ್ಗಲಿ ಅಂತಲೇ ಬಿಟ್ಟಿರೋದು (ಮೂರನೇ ಫೋಟೋ).

ಅಂದ್ರೆ ನಾನು ಮಾಡಿದ್ದು ಬ್ರಮ್ಮೆಲ್ ಕಾಲದ ಉಪಚಾರ, ಲ್ಯಾಂಗ್ಸ್‌ಡಾರ್ಫ್ ಕಾಲದ ಟೈಗೆ. ಇನ್ನೊಂದು ಮಜಾ: ‘ಇಸ್ತ್ರಿ’ ಪದ ಬಂದಿರೋದು ಪೋರ್ಚುಗೀಸರ ‘ಎಸ್ತಿರಾರ್’ನಿಂದ. ಅರ್ಥ, ಎಳೆದು ಚಾಚು. ಓರೆ ಕತ್ತರಿಸಿದ ಬಟ್ಟೆಗೆ ಮಾಡಬಾರದ್ದು ಅದೇ!

ಹಾಗಾದ್ರೆ ಸುಕ್ಕು ತೆಗೆಯೋದು ಹೇಗೆ? ಮೊದಲು ಗಂಟು ಬಿಚ್ಚಿ ಒಂದು ರಾತ್ರಿ ತೂಗುಹಾಕಿ. ಅರ್ಧ ಸುಕ್ಕು ತನ್ನಷ್ಟಕ್ಕೇ ಇಳಿಯುತ್ತೆ. ಇಲ್ಲಾಂದ್ರೆ ಸಣ್ಣ ತುದಿಯಿಂದ ಸಡಿಲವಾಗಿ ಸುರುಳಿ ಸುತ್ತಿ ಒಂದೆರಡು ದಿನ ಇಡಿ. ಹಠಮಾರಿ ಸುಕ್ಕಿಗೆ ಆವಿ. ಬಿಸಿನೀರು ಸ್ನಾನ ಮಾಡುವಾಗ ಬಚ್ಚಲುಮನೆ ಬಾಗಿಲ ಹಿಂದೆ, ನೀರು ಸಿಡಿಯದ ಕಡೆ ನೇತುಹಾಕಿ. ತೇವ, ಬಿಸಿ ಎರಡೂ ಸೇರಿದ್ರೆ ರೇಷ್ಮೆಯ ಎಳೆ ಸ್ವಲ್ಪ ಮೆತ್ತಗಾಗುತ್ತೆ. ತಣ್ಣಗಾಗುವಾಗ ಯಾವ ಆಕಾರದಲ್ಲಿದೆಯೋ ಹಾಗೇ ನಿಲ್ಲುತ್ತೆ. ಅದಕ್ಕೇ ಪೂರ್ತಿ ಒಣಗುವ ತನಕ ಕಟ್ಟಬೇಡಿ. ನೀರು ಚಿಮುಕಿಸೋದಂತೂ ಬೇಡವೇ ಬೇಡ, ರೇಷ್ಮೆಯಲ್ಲಿ ಹನಿಯ ಕಲೆ ಉಳಿದುಬಿಡಬಹುದು.

ಇಸ್ತ್ರಿ ಬಿಟ್ಟು ಗತಿಯೇ ಇಲ್ಲ ಅಂದ್ರೆ, ಮೊದಲು ಟೈ ಹಿಂದಿನ ಲೇಬಲ್ ನೋಡಿ. ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕಿ ಇದ್ದರೆ 110 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಇಸ್ತ್ರಿ ಚಿತ್ರದ ಮೇಲೆ ಕಾಟು ಹೊಡೆದಿದ್ದರೆ ಮುಟ್ಟಲೇಬೇಡಿ. ಟೈ ಒಳಗೆ ಅಂಚಿಗೆ ತಾಗದಷ್ಟು ಅಗಲದ ರಟ್ಟು ತೂರಿಸಿ, ಮೇಲೆ ಬಿಳಿ ಹತ್ತಿ ಬಟ್ಟೆ ಹಾಸಿ, ಸುಕ್ಕಿದ್ದ ಕಡೆ ಮಾತ್ರ ಇಸ್ತ್ರಿ ಇಟ್ಟು ಎತ್ತಿ. ಉಜ್ಜಬೇಡಿ, ಅಂಚಿನ ಹತ್ತಿರ ಹೋಗಬೇಡಿ. ಪಾಲಿಯೆಸ್ಟರ್ ಆದ್ರೆ ಇನ್ನೂ ಹುಷಾರು, ಶಾಖ ಜಾಸ್ತಿಯಾದ್ರೆ ಕರಗುತ್ತೆ.

ಅಪ್ಪನ ಟೈಗೆ ಮೂರು ದಿನ ಆವಿ ಕೊಟ್ಟೆ, ಅಂಚನ್ನು ಬೆರಳಲ್ಲಿ ಮೆಲ್ಲಗೆ ದುಂಡಗೆ ಮಾಡಿದೆ. ಉಬ್ಬು ಮುಕ್ಕಾಲು ಪಾಲು ವಾಪಸ್ ಬಂದಿದೆ. ಹೊಳಪು ಹೋಗಿಲ್ಲ. ಕೊನೆ ಫೋಟೋ ಮೊನ್ನೆ ಚಿಕ್ಕಪ್ಪನ ಮಗಳ ರಿಸೆಪ್ಷನ್‌ದು. ಅಪ್ಪ ಅದೇ ಟೈ ಕಟ್ಟಿಕೊಂಡು, ಹೊಳಪಿನ ಜಾಗ ಕಾಣದ ಹಾಗೆ ಕೋಟಿನ ಮೇಲಿನ ಗುಂಡಿ ಹಾಕಿಕೊಂಡಿದ್ದಾರೆ.