ಅಗಲ ಪರದೆ, ಹಗುರ ಹೊರೆ

ಹದಿನೇಳು ಇಂಚಿನ ಲ್ಯಾಪ್‌ಟಾಪ್ ಮೇಜಿಗೆ ಸರಿ, ತಿರುಗಾಟಕ್ಕಲ್ಲ ಎಂಬ ಮಾತಿಗೆ ಇತಿಹಾಸದ ಬೆಂಬಲ ಅಷ್ಟಾಗಿಲ್ಲ. 1981ರಲ್ಲಿ ಬಂದ, ಹೊತ್ತೊಯ್ಯಬಹುದಾದ ಕಂಪ್ಯೂಟರ್ ಆಸ್‌ಬಾರ್ನ್ 1 ಸುಮಾರು 11 ಕಿಲೋ ಭಾರವಿತ್ತು. ಪರದೆ 5 ಇಂಚು ಮಾತ್ರ. 2003ರ ಒಂದು ಆಪಲ್ ಪವರ್‌ಬುಕ್ ಲ್ಯಾಪ್‌ಟಾಪ್‌ಗೆ 17 ಇಂಚಿನ ಪರದೆ, ತೂಕ 3.1 ಕಿಲೋ. ಹೊರೆಯಾಗಿದ್ದದ್ದು ಪರದೆಯ ಅಗಲವಲ್ಲ, ಗಾಜಿನ ಚಿತ್ರನಳಿಕೆ, ಫ್ಲಾಪಿ ಡ್ರೈವ್, ದಪ್ಪ ಪೆಟ್ಟಿಗೆ. ಚಪ್ಪಟೆ ಎಲ್‌ಸಿಡಿ ಬಂದಮೇಲೆ ಲೆಕ್ಕವೇ ಬದಲಾಯಿತು.

ಕನ್ನಡಕ್ಕೆ ಈ ಬದಲಾವಣೆ ಇನ್ನೂ ಹೆಚ್ಚು ಮುಖ್ಯ. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಬೆರಳಿನ ಕೆಲಸವನ್ನು ಹಗುರ ಮಾಡಿತು, ಕಣ್ಣಿನ ಕೆಲಸವನ್ನಲ್ಲ. ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಸಾಲುಗಳ ನಡುವೆ ಜಾಗ ಬೇಕು. ಚಿಕ್ಕ ಪರದೆಯಲ್ಲಿ ಕೋಷ್ಟಕವೊಂದನ್ನು ತೆರೆದರೆ ಅಕ್ಷರ ಕಿರಿದಾಗಬೇಕು, ಇಲ್ಲವೇ ಅಂಕಣ ಮರೆಯಾಗಬೇಕು. ಮೊಬೈಲ್ ಸಾಲದೇ ಎನ್ನುವವರಿಗೆ ಇದೇ ಉತ್ತರ: ಓದಲು ಸಾಕು, ಎರಡು ಕಡತ ಪಕ್ಕಪಕ್ಕ ಇಟ್ಟು ತಿದ್ದಲು ಸಾಲದು. ಊರಲ್ಲಿ ಬೇರೆ ಮಾನಿಟರ್ ಜೋಡಿಸಬಹುದು, ನಿಜ. ಆದರೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರು ಹಿನ್ನೀರಿನ ಬದಿಯ ಸಕ್ರೆಬೈಲು ಆನೆ ಬಿಡಾರಕ್ಕೆ ಕೆಲಸ ಹೊತ್ತು ಹೋಗುವವರು ಮಾನಿಟರನ್ನೂ ಹೊರುವುದಿಲ್ಲ. ಬಸ್ಸಿನ ಸೀಟಿನಲ್ಲಿ ಮಾತ್ರ ಹದಿನೇಳು ಇಂಚಿನ ಯಂತ್ರವನ್ನು ಪೂರ್ತಿ ಬಿಚ್ಚುವುದು ಕಷ್ಟವೇ. ಆ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ.