ನಿರ್ಜನ ಸಮುದ್ರವೇದಿಕೆ: ಒಂದು ವಿಚಾರ

ಸಮುದ್ರಮಧ್ಯದಲ್ಲಿ ಉಕ್ಕಿನ ಕಾಲುಗಳ ಮೇಲೆ ನಿಂತು, ಭೂಗರ್ಭದ ಅನಿಲವನ್ನು ಮೇಲೆತ್ತಿ ಕೊಳವೆಯ ಮೂಲಕ ದಡಕ್ಕೆ ಕಳುಹಿಸುವ ವೇದಿಕೆಗಳಲ್ಲಿ ಕೆಲವನ್ನು ‘ನಿರ್ಜನ’ವೆಂದು ವ್ಯವಹರಿಸುವುದುಂಟು. ಈ ಶಬ್ದವು ಎಷ್ಟರಮಟ್ಟಿಗೆ ಯಥಾರ್ಥವೆಂಬುದನ್ನು ಬ್ರಿಟನ್ ದೇಶದ ಚರಿತ್ರೆಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶವು.

1965ನೆಯ ಇಸವಿ ಸೆಪ್ಟೆಂಬರಿನಲ್ಲಿ ‘ಸೀ ಜೆಮ್’ ಎಂಬ ವೇದಿಕೆಯವರು ಉತ್ತರ ಸಮುದ್ರದ ಬ್ರಿಟಿಷ್ ಭಾಗದಲ್ಲಿ ಮೊತ್ತಮೊದಲು ಅನಿಲವನ್ನು ಕಂಡರು. ಅದೇ ವರ್ಷ ಡಿಸೆಂಬರ್ 27ರಂದು ಆ ವೇದಿಕೆಯು ಕುಸಿದು 13 ಮಂದಿ ಮೃತರಾದರು. ತತ್ಫಲವಾಗಿ 1971ರಲ್ಲಿ ಸಮುದ್ರಸ್ಥಾವರಗಳ ಕ್ಷೇಮಕ್ಕಾಗಿ ಶಾಸನವೊಂದು ಹುಟ್ಟಿತು. ಆದರೂ 1988ರ ಜುಲೈ 6ರಂದು ‘ಪೈಪರ್ ಆಲ್ಫಾ’ ವೇದಿಕೆಯು ಹೊತ್ತಿ ಉರಿದು 167 ಮಂದಿ ಮಡಿದರು. ದಹ್ಯವಸ್ತುವಿನ ಪಕ್ಕದಲ್ಲಿಯೇ ಜನರು ಉಂಡು ಮಲಗುವುದು ಅನರ್ಥಮೂಲವೆಂಬ ಮತಕ್ಕೆ ಇಂತಹ ಘಟನೆಗಳು ಪುಷ್ಟಿಯನ್ನಿತ್ತವು. ವಸತಿಯ ವೆಚ್ಚವು ಉಳಿಯುವುದೂ ಜನರನ್ನು ಅಲ್ಲಿ ಇರಿಸದಿರುವುದಕ್ಕೆ ಮತ್ತೊಂದು ಕಾರಣವು.

ಐರಿಷ್ ಸಮುದ್ರದಲ್ಲಿ 1994ರಲ್ಲಿ ಉತ್ಪಾದನೆಯನ್ನಾರಂಭಿಸಿದ ಉತ್ತರ ಮೋರ್ಕಂಬ್ ವೇದಿಕೆಯು ಈ ಜಾತಿಯದು. ಅಲ್ಲಿ ನಿತ್ಯವಾಸಿಗಳಿಲ್ಲ; ಬಾವಿಗಳ ಕವಾಟಗಳನ್ನು ದೂರದಿಂದಲೇ ನಿಯಂತ್ರಿಸುವರು; ಅನಿಲದ ಶೋಧನೆಯು ದಡದ ಬ್ಯಾರೋ ಪಟ್ಟಣದಲ್ಲಿ ನಡೆಯುವಂತೆ ಏರ್ಪಡಿಸಿದರು. ಆದರೆ ಯಂತ್ರಗಳ ಪರೀಕ್ಷೆಗೂ ದುರಸ್ತಿಗೂ ಜನರು ಹೋಗಿಬರಲೇಬೇಕು. 2006ರ ಡಿಸೆಂಬರ್ 27ರ ರಾತ್ರಿ ಈ ವೇದಿಕೆಯಲ್ಲಿ ಇಳಿಯಲೆಂದು ಬಂದ ಹೆಲಿಕಾಪ್ಟರ್ ಕತ್ತಲೆಯಲ್ಲಿ ವೇದಿಕೆಯನ್ನು ದಾಟಿ ಸಮುದ್ರಕ್ಕೆ ಬಿದ್ದಿತು. ಇಬ್ಬರು ಚಾಲಕರೂ ಐವರು ಪ್ರಯಾಣಿಕರೂ ಅಸುನೀಗಿದರು. ‘ಸೀ ಜೆಮ್’ ಕುಸಿದ ದಿನವೂ ಇದೇ. ಈ ದಿನಸಾಮ್ಯವು ಆಕಸ್ಮಿಕವು. ವಿಚಾರಾರ್ಹವಾದುದು ಬೇರೆ: ಜನರನ್ನು ವೇದಿಕೆಯಿಂದ ತೆಗೆದುದರಿಂದ ಬೆಂಕಿಯ ಭಯವು ಕಡಮೆಯಾಯಿತು, ದಾರಿಯ ಭಯವು ಉಳಿಯಿತು.

ನೈಯಾಯಿಕರು ಅಭಾವವನ್ನು ವಿಭಾಗಿಸುವಾಗ, ವಾಯುವಿನಲ್ಲಿ ರೂಪವಿಲ್ಲದಿರುವುದನ್ನು ಅತ್ಯಂತಾಭಾವವೆಂದೂ, ಗಡಿಗೆಯನ್ನು ತೆಗೆದಿಟ್ಟ ನೆಲದಲ್ಲಿ ಗಡಿಗೆಯಿಲ್ಲದಿರುವುದನ್ನು ಕೆಲವರು ಸಾಮಯಿಕಾಭಾವವೆಂದೂ ಹೇಳುವರು. ಈ ವೇದಿಕೆಗಳಲ್ಲಿರುವುದು ಎರಡನೆಯದು. ಇಂಗ್ಲಿಷಿನವರೂ ಇವನ್ನು ‘ಸಾಮಾನ್ಯವಾಗಿ ಜನರಿಲ್ಲದವು’ ಎಂದು ವಿಶೇಷಣಪೂರ್ವಕವಾಗಿಯೇ ಕರೆಯುವರು. ಆದುದರಿಂದ ನಮ್ಮಲ್ಲಿ ‘ನಿರ್ವಸತಿ ವೇದಿಕೆ’ ಎಂಬುದೇ ಸಾಧುವಾದ ಪ್ರಯೋಗವೆಂದು ತೋರುತ್ತದೆ. ಅಲ್ಲಿ ವಸತಿಯಿಲ್ಲ, ಜನರ ಗತಾಗತವುಂಟು. ಆ ಗತಾಗತದಲ್ಲಿ ಪ್ರಾಣವಿತ್ತವರನ್ನು ಶಬ್ದದಿಂದಲೂ ಇಲ್ಲವಾಗಿಸುವುದು ಯುಕ್ತವಲ್ಲ.