ನಾಲ್ಕು ತಾಲ್ಲೂಕು, ನಾಲ್ಕು ಅಕ್ಷರ

ಸಿಇಟಿ ಸೀಟು ಹಂಚಿಕೆಯ ಪಟ್ಟಿಯಲ್ಲಿ ‘ಎಸ್‌ಸಿಆರ್‌ಎಚ್’ ಎಂಬ ಒಂದು ಸಂಕೇತವಿದೆ. ಮೊದಲೆರಡು ಅಕ್ಷರ ಜಾತಿಯನ್ನು ಹೇಳುತ್ತವೆ, ಮೂರನೆಯದು ಹಳ್ಳಿಯನ್ನು, ಕೊನೆಯದು ಹೈದರಾಬಾದ್ ಕರ್ನಾಟಕವನ್ನು. 2019ರಲ್ಲಿ ಸೀಮೆಯ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ಸಂಕೇತಕ್ಕೆ ಹಳೆಯ ಹೆಸರಿನ ಅಕ್ಷರವೇ ಅಂಟಿಕೊಂಡಿತು. ಇದನ್ನು ಕಂಡವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಒಬ್ಬನಿಗೆ ಎಷ್ಟು ಮೀಸಲಾತಿ? ಈ ಸೀಮೆಯ ನಾಲ್ಕು ತಾಲ್ಲೂಕುಗಳಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನೂರು ವರ್ಷದ ಚರಿತ್ರೆ ಈ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತದೆ: ಒಬ್ಬನಿಗೆ ಎಷ್ಟು ಬಾಗಿಲು ಮುಚ್ಚಿದ್ದವು? ಜಾತಿ, ಭಾಷೆ, ಊರು ಇವು ಇಲ್ಲಿ ಮೂರು ಬೇರೆ ಬೇರೆ ಬೀಗಗಳು. ಒಂದರ ಕೀಲಿ ಇನ್ನೊಂದಕ್ಕೆ ಹತ್ತಲಿಲ್ಲ.

ಮೊದಲ ಬೀಗ ಭಾಷೆಯದು. ನಿಜಾಮರ ಆಳ್ವಿಕೆಯಲ್ಲಿ ಈ ನಾಲ್ಕೂ ತಾಲ್ಲೂಕುಗಳು ಹೈದರಾಬಾದಿನ ಕಡೆ ಮುಖ ಮಾಡಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟ ದಿಟ್ಟ ಪ್ರಯೋಗ ಅದು. ಆದರೆ ಆ ದೇಶಭಾಷೆ ಉರ್ದು. ಸಂಸ್ಥಾನದಲ್ಲಿ ‘ಮುಲ್ಕಿ’ ನಿಯಮವೂ ಇತ್ತು: ಇಲ್ಲಿ ಹುಟ್ಟಿದವರಿಗೆ ಅಥವಾ 15 ವರ್ಷ ನೆಲೆಸಿದವರಿಗೆ ಸರ್ಕಾರಿ ನೌಕರಿಯಲ್ಲಿ ಮೊದಲ ಹಕ್ಕು. ಕಾಗದದ ಮೇಲೆ ಕುಷ್ಟಗಿಯ ಕನ್ನಡದ ಹುಡುಗನೂ ಮುಲ್ಕಿಯೇ. ಆದರೆ ಆ ಹಕ್ಕನ್ನು ಬಳಸಬೇಕಾದರೆ ಮನೆಯಲ್ಲಾಡದ ಭಾಷೆಯಲ್ಲಿ ಓದಿರಬೇಕಿತ್ತು. ಅದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ 1916ರ ವಿಶ್ವವಿದ್ಯಾಲಯ ನಡೆಯುತ್ತಿತ್ತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಬೆನ್ನಿಗೆ, 1921ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡುವ ಆದೇಶವೂ ಬಂದಿತ್ತು. ಒಂದೇ ಭಾಷೆಯ ಎರಡು ಸೀಮೆಗಳ ನಡುವಿನ ಅಂತರ ಹೀಗೆ ದೊರೆಗಳ ಕಾಲದಲ್ಲೇ ಶುರುವಾಯಿತು. ಯಲಬುರ್ಗಾ ಬಳಿಯ ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲ ತಲೆ ಎತ್ತಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅರಮನೆ ಕೊಡದ ಓದನ್ನು ಊರೇ ಕಟ್ಟಿಕೊಂಡದ್ದು ಅದು.

1956ರ ಏಕೀಕರಣದೊಂದಿಗೆ ಭಾಷೆಯ ಬೀಗ ತೆರೆಯಿತು, ಊರಿನ ಬೀಗ ಹಾಗೇ ಉಳಿಯಿತು. ಏಕೀಕೃತ ರಾಜ್ಯದ ಮೀಸಲಾತಿ ಚರ್ಚೆಯೆಲ್ಲ ಜಾತಿಯ ಸುತ್ತ ನಡೆಯಿತು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರ ಶೇ 68ರಷ್ಟು ಸೀಟು ಮೀಸಲಿಟ್ಟಾಗ, 1962ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. 1975ರಲ್ಲಿ ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿ ಬಂತು. ಇವೆರಡೂ ರಾಜ್ಯದ ದಿಕ್ಕನ್ನೇ ಬದಲಿಸಿದವು. ಆದರೆ ಹಿಂದುಳಿದ ವರ್ಗದ ಸೀಟಿಗೆ ಯಲಬುರ್ಗಾದ ಹುಡುಗಿ ಪೈಪೋಟಿ ನಡೆಸಬೇಕಿದ್ದುದು ಅದೇ ವರ್ಗದ ಬೆಂಗಳೂರು, ಮೈಸೂರಿನವರ ಜೊತೆ. ಅವರ ಬೆನ್ನಿಗೆ ಎರಡು ತಲೆಮಾರಿನ ಶಾಲೆಗಳಿದ್ದವು. ಇಲ್ಲಿಯವರ ವಿಶ್ವವಿದ್ಯಾಲಯ ಮೊದಲು ಧಾರವಾಡದಲ್ಲಿತ್ತು, 1980ರಿಂದ ಗುಲಬರ್ಗಾದಲ್ಲಿ, 2010ರಿಂದ ಬಳ್ಳಾರಿಯಲ್ಲಿ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದರೂ ಓದಿನ ಊರು ಜಿಲ್ಲೆಯ ಹೊರಗೇ ಉಳಿಯಿತು. ಈ ಕೊರತೆಯನ್ನು ಅಂಕಿಗಳಲ್ಲಿ ಹಿಡಿದದ್ದು 2002ರ ನಂಜುಂಡಪ್ಪ ವರದಿ: ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಕುಷ್ಟಗಿ, ಯಲಬುರ್ಗಾ ಆ ಪಟ್ಟಿಯಲ್ಲಿದ್ದವು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯಾಯಿತು, ಈ ಸೀಮೆಗೆ ವಿಶೇಷ ಸ್ಥಾನಮಾನ ಕೊಡುವ 371 (ಜೆ) ವಿಧಿ ಬಂತು. 2013ರ ಆದೇಶದಂತೆ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಸ್ಥಳೀಯರಿಗೆ.

ಈ ಸೀಮೆಯ ಮೀಸಲಾತಿಯಿಂದ ಪ್ರತಿಭೆಗೆ ಅನ್ಯಾಯ ಎಂಬ ಆಕ್ಷೇಪವಿದೆ. ಒಂದೇ ಗೆರೆಯಿಂದ ಓಟ ಶುರುವಾಗಿದ್ದರೆ ಈ ಮಾತು ನಿಲ್ಲುತ್ತಿತ್ತು; ಗೆರೆಯನ್ನು ನೂರು ವರ್ಷ ಹಿಂದಕ್ಕೆ ಎಳೆದದ್ದು ಓಡುವವರಲ್ಲ, ಆಳುವವರು. ಎರಡನೆಯ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚಿನ ತೂಕವಿದೆ: ಸೀಮೆಗೇ ಮೀಸಲಾತಿ ಸಿಕ್ಕ ಮೇಲೆ ಜಾತಿಯ ಮೀಸಲಾತಿ ಏಕೆ? ಉತ್ತರ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿದೆ. 371 (ಜೆ) ಜಾರಿಯಾದ ಮರುವರ್ಷ, 2014ರ ಆಗಸ್ಟ್‌ನಲ್ಲಿ, ಆ ಊರಿನ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರ ಪ್ರವೇಶದ ಪ್ರಶ್ನೆ ಆ ಜಗಳದ ಬೇರಿನಲ್ಲಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಬೆಂಕಿ ಹಚ್ಚಿದವರೂ ಮನೆ ಕಳೆದುಕೊಂಡವರೂ ಕಾನೂನಿನ ಕಣ್ಣಲ್ಲಿ ಒಂದೇ ಹಿಂದುಳಿದ ಸೀಮೆಯವರು. ಸೀಮೆಯ ಲೆಕ್ಕಕ್ಕೆ ಊರೊಳಗಿನ ಗೋಡೆ ಕಾಣುವುದಿಲ್ಲ. ಆ ಲೆಕ್ಕಕ್ಕೆ ಕಾಣದ ಇನ್ನೊಂದು ಸಂಗತಿಯೂ ಇದೆ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಗಂಗಾವತಿ ಭತ್ತದ ನಾಡಾಯಿತು. ಕುಷ್ಟಗಿ, ಯಲಬುರ್ಗಾ ಮಳೆಯನ್ನೇ ನಂಬಿ ಉಳಿದವು. ಶೇ 70ರ ಪಾಲಿನಲ್ಲಿ ಈ ನಾಲ್ಕೂ ತಾಲ್ಲೂಕಿನವರು ಸಮಾನರು. ಹಾಗಾಗಿ ಪಾಲು ಕೊಟ್ಟರೆ ಸಾಲದು, ಆ ಪಾಲು ಯಾವ ತಾಲ್ಲೂಕಿನ ಯಾವ ಓಣಿಗೆ ತಲುಪಿತು ಎಂಬ ಲೆಕ್ಕವನ್ನು ವಿಶ್ವವಿದ್ಯಾಲಯಗಳು ವರ್ಷವರ್ಷ ಪ್ರಕಟಿಸಬೇಕು.

ಕೊನೆಗೆ 2023ರಲ್ಲಿ ವಿಶ್ವವಿದ್ಯಾಲಯವೇ ಜಿಲ್ಲೆಗೆ ಬಂತು. ಅದು ನೆಲೆ ಕಂಡದ್ದು ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ತಳಕಲ್ಲಿನಲ್ಲಿ. ಗುರುಕುಲ ಹುಟ್ಟಿದ ಊರಿನ ನೆರೆಯಲ್ಲಿ, ನೂರು ವರ್ಷಗಳ ಬಳಿಕ. ಎರಡು ವರ್ಷ ತುಂಬುವ ಮೊದಲೇ, 2025ರ ಆರಂಭದಲ್ಲಿ, ಮುಚ್ಚಬೇಕೆಂದು ಸಂಪುಟ ಉಪಸಮಿತಿ ಒಲವು ತೋರಿದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಕೊಪ್ಪಳವೂ ಸೇರಿತು. ಹಣವಿಲ್ಲ, ಕಾಯಂ ಅಧ್ಯಾಪಕರಿಲ್ಲ, ಬರೀ ಫಲಕದಿಂದ ವಿದ್ಯೆ ಬರುವುದಿಲ್ಲ ಎಂಬ ವಾದ ಸುಳ್ಳಲ್ಲ. ಆದರೆ ಅನ್ನ ಹಾಕದೆ ಕೂಸು ಬಡಕಲೆಂದು ದೂರುವುದು ನ್ಯಾಯವಲ್ಲ. ಹಾಸ್ಟೆಲ್, ಬಾಡಿಗೆ, ಬಸ್ಸಿನ ಖರ್ಚು ಹೊರಲಾಗದ ಮನೆಯ ಮಗಳಿಗೆ ಸಂಜೆ ಮನೆಗೆ ಮರಳಬಹುದಾದ ವಿಶ್ವವಿದ್ಯಾಲಯವೇ ದೊಡ್ಡ ಮೀಸಲಾತಿ. ಸೀಟಿನ ಪಟ್ಟಿಯಲ್ಲಿ ನಾಲ್ಕು ಅಕ್ಷರ ಬರೆದ ಸರ್ಕಾರ, ಆ ಅಕ್ಷರಗಳನ್ನು ಹೊತ್ತವರು ನಡೆದು ತಲುಪಬಹುದಾದ ಬಾಗಿಲನ್ನು ಮುಚ್ಚಬಾರದು.